ಕುಂಬಾರನ ಮಗಳ ಕಿವಿ

"ಗುರುಗಳೇ, ಮಕ್ಕಳಿಗೆ ತೊಂದರೆ ಇದ್ದರೆ ಬಾಯಿಬಿಟ್ಟು ಹೇಳಬಾರದೇ?" ಎಂದು ಶಿಷ್ಯ ಕೇಳಿದ. ಮಠದ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವವನು ಅವನೇ. "ಆ ಮಾದೇವಿ ಪಾಠಕ್ಕೆ ಗಮನ ಕೊಡುವುದಿಲ್ಲ. ಸುಮ್ಮನೆ ಕೂತಲ್ಲಿ ಕಿವಿ ಉಜ್ಜುತ್ತಾಳೆ, ತಲೆ ಕೊಡವುತ್ತಾಳೆ. ಏನಾಯಿತು ಎಂದರೆ ಏನೂ ಇಲ್ಲ ಎನ್ನುತ್ತಾಳೆ. ಅದಕ್ಕೇ ದಿನಾ ಒಂದು ತಾಸು ಒಬ್ಬಳನ್ನೇ ಮೌನಕ್ಕೆ ಕೂರಿಸುತ್ತಿದ್ದೇನೆ. ನಾಳೆಯೂ ಹೀಗೇ ಆದರೆ ಮನೆಗೆ ಕಳಿಸಿಬಿಡುತ್ತೇನೆ."

ಆ ವಾರದಲ್ಲಿ ಇದು ಮೂರನೆಯ ದೂರು. ಗುರುಗಳಿಗೆ ಕೇಳಿ ಕೇಳಿ ಸಾಕಾಗಿತ್ತು. "ಕೂತುಕೋ. ನಡುವೆ ಬಾಯಿ ಹಾಕಬೇಡ," ಎಂದು ಹೇಳತೊಡಗಿದರು.

ಒಬ್ಬ ಕುಂಬಾರನಿದ್ದ. ಸುಟ್ಟ ಮಡಕೆಗಳನ್ನು ಆವಿಗೆಯಿಂದ ತೆಗೆದ ದಿನ ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ಪರೀಕ್ಷಿಸುತ್ತಿದ್ದ. ಆ ಕೆಲಸವನ್ನು ಬೇರೆಯವರಿಗೆ ಬಿಟ್ಟವನಲ್ಲ. ಮಗಳು ಎಷ್ಟೋ ದಿನದಿಂದ ಅದಕ್ಕೆ ಆಸೆಪಟ್ಟಿದ್ದಳು. ಅವಳಿಗೆ ಒಂಬತ್ತು ತುಂಬಿದಾಗ ಹತ್ತಿರ ಕರೆದು ಕಲಿಸಿದ. "ತಟ್ಟಿದ ಮೇಲೆ ನಾದ ಉಳೀಬೇಕು ಮಗಾ. ಉಳಿದ್ರೆ ಗಟ್ಟಿ. ಅಲ್ಲೇ ಸತ್ರೆ ಬಿರುಕು."

ಹುಡುಗಿ ತಟ್ಟಿದಳು. ಎಲ್ಲವೂ ಗಟ್ಟಿ ಎಂದಳು. ಮುಂದಿನ ಸಂತೆಯಲ್ಲಿ ಆರು ಮಂದಿ ಸೋರುವ ಕೊಡ ಹಿಡಿದು ಬಂದು ಕುಂಬಾರನ ಮಾನ ತೆಗೆದರು. ಅವನು ಮಗಳನ್ನು ಬೈದ. ಅವಳು ಇನ್ನೂ ಶ್ರದ್ಧೆಯಿಂದ ತಟ್ಟಿ, ಒಂದೊಂದಕ್ಕೂ ಕಿವಿ ಹಚ್ಚಿ ಕೂತಳು. ಮತ್ತೆ ಎಲ್ಲವೂ ಗಟ್ಟಿ ಎಂದಳು.

ತಾಯಿ, ಇವಳಿಗೆ ಮೈಮೇಲೆ ಜ್ಞಾನವಿಲ್ಲ ಎಂದಳು. ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ವೈದ್ಯ ಬಂದು ಬೆನ್ನ ಹಿಂದೆ ನಿಂತು ಪಿಸುದನಿಯಲ್ಲಿ ಕರೆದ, ಓಗೊಟ್ಟಳು. ಕಿವಿ ನೋಯುತ್ತದಾ ಎಂದ, ಇಲ್ಲ ಎಂದಳು. ಕಿವಿ ನೆಟ್ಟಗಿದೆ, ಬುದ್ಧಿ ನೆಟ್ಟಗಿಲ್ಲ ಎಂದು ತೀರ್ಪು ಕೊಟ್ಟು, ಒಂದು ಹೊಸ ಕೊಡ ಎತ್ತಿಕೊಂಡು ಹೋದ. ಅದೂ ಸೋರುತ್ತಿತ್ತಂತೆ. ಇಷ್ಟು ಜನ ದೊಡ್ಡವರು, ಊರಿಗೆಲ್ಲ ಬುದ್ಧಿ ಹೇಳುವವರು. ಕೊನೆಗೆ ಕುಂಬಾರ, ಇನ್ನು ಮಡಕೆ ಮುಟ್ಟಬೇಡ ಎಂದು ಮಗಳನ್ನು ಸಗಣಿ ಬಾಚಲು ಹಚ್ಚಿದ. ಅವಳು ಅತ್ತಳು.

ಒಂದು ದಿನ ಬಳೆ ಮಾರುವವಳೊಬ್ಬಳು ಕೊಡ ಕೊಳ್ಳಲು ಬಂದಳು. ಒಂದನ್ನು ತಟ್ಟಿ, ಪಕ್ಕದಲ್ಲಿ ನಿಂತ ಹುಡುಗಿಯನ್ನು, "ನಾದ ಎಲ್ಲೀಗಂಟ ಕೇಳ್ತು ಮಗಾ?" ಎಂದಳು.

"ಇನ್ನೂ ಕೇಳ್ತಾನೇ ಐತಲ್ಲಕ್ಕಾ."

"ನಾನು ತಟ್ಟೋಕೆ ಮುಂಚೆ?"

"ಆವಾಗ್ಲೂ ಇತ್ತು. ಯಾವಾಗ್ಲೂ ಕುಂಯ್ ಅಂತಿರ್ತದೆ."

ಕುಂಬಾರ ತಿರುಗುವ ತಿಗರಿಯನ್ನು ಬಿಟ್ಟು ಎದ್ದುಬಂದ. "ಇಷ್ಟು ದಿನ ಯಾಕೆ ಹೇಳ್ಲಿಲ್ಲ?" ಎಂದು ರೇಗಿದ.

"ಎಲ್ಲಾರ್ಗೂ ಹಂಗೇ ಅಂದ್ಕೊಂಡಿದ್ದೆ. ಉಸಿರಾಡ್ತಾ ಇವ್ನಿ ಅಂತ ಯಾರಾದ್ರೂ ಹೇಳ್ತಾರಾ ಅಪ್ಪಾ?" ಎಂದಳು ಹುಡುಗಿ.

ಕುಂಬಾರನಿಗೆ ನಾಚಿಕೆಯಾಯಿತು. ಆಗಬೇಕಾದದ್ದೇ. ಮಗಳು ಅವನು ಕಲಿಸಿದ ಪಾಠವನ್ನು ಒಂದಿಷ್ಟೂ ತಪ್ಪದೆ ಪಾಲಿಸಿದ್ದಳು. ಅವಳ ಕಿವಿಯಲ್ಲಿ ಪ್ರತಿಯೊಂದು ಮಡಕೆಯ ನಾದವೂ ಉಳಿದಿತ್ತು. ಮರುದಿನ ಅವನು ಮಡಕೆಗೆ ನೀರು ತುಂಬಿಸಿ, ಮೊದಲು ಒದ್ದೆಯಾಗುವ ಗೆರೆ ನೋಡಿ ಬಿರುಕು ಹಿಡಿಯುವುದನ್ನು ತೋರಿಸಿಕೊಟ್ಟ. ಕಿವಿಯ ಸದ್ದು ನಿಲ್ಲಲಿಲ್ಲ. ಆದರೆ ಕೆಲಸ ಮತ್ತೆ ಅವಳ ಕೈಗೆ ಬಂತು.

ಕತೆ ಮುಗಿಯಿತು. ಶಿಷ್ಯ ತಲೆದೂಗಿ, "ಅರ್ಥವಾಯಿತು ಗುರುಗಳೇ. ಕಿವಿ ನೋಯುತ್ತದಾ ಎಂದು ನಾಳೆಯೇ ಮಾದೇವಿಯನ್ನು ಕೇಳುತ್ತೇನೆ. ಇಲ್ಲ ಎಂದರೆ ಮತ್ತೆ ಮೌನಕ್ಕೆ ಕೂರಿಸುತ್ತೇನೆ," ಎಂದ.

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಗುರುಗಳು ಹಣೆ ಚಚ್ಚಿಕೊಂಡರು.

"ದಿನಾ ಒಂದು ತಾಸು ನೀನು ಆ ಹುಡುಗಿಯನ್ನು ಕೂರಿಸುತ್ತಿರುವುದು ಮೌನದಲ್ಲಿ ಎಂದು ನಿನಗೆ ಯಾರು ಹೇಳಿದರು?"