ಹೂಂ ಅಂದ ಹಿಮ

ಬಾ ಕೂಸೇ, ಕಾಲು ಚಾಚಿ ಮಲಕ್ಕೋ. ದಿನಾ ನಾನು ಕತೆ ಹೇಳ್ತಿದ್ರೆ ನೀನು ಹೂಂಗುಟ್ಟಬೇಕು ಅಂತ ಬೈತೀನಲ್ಲ, ಇವತ್ತಿನ ಕತೆಗೆ ಮಾತ್ರ ಬೇಡ. ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ, ಈಗ್ಲೇ ಕೇಳಿ ತಲೆ ತಿನ್ಬೇಡ.

ಒಂದಾನೊಂದು ಚಳಿಗಾಲದಲ್ಲಿ, ದೂರದ ಹಿಮದ ಬೆಟ್ಟದಲ್ಲಿ ಒಬ್ಬ ತಾಯಿ ಇದ್ಲಂತೆ, ಅವಳಿಗೆ ಮೂವರು ಗಂಡುಮಕ್ಕಳು, ಒಬ್ಬಳು ಮಗಳು. ಕಿರಿಯವನ ಹೆಸರು ನೋರ್ಬು, ಮಿಕ್ಕವರ ಹೆಸರಿಗೆ ನನ್ನ ನಾಲಿಗೆ ಹೊರಳಲ್ಲ ಬಿಡು. ಮಗಳನ್ನ ಬೆಟ್ಟದ ಆಚೆ ಮಗ್ಗುಲಿಗೆ ಕೊಟ್ಟಿದ್ರಂತೆ. ಆ ತಾಯಿಗೆ ಹಿಮದ ಗುಣ ಚೆನ್ನಾಗಿ ಗೊತ್ತಿತ್ತಂತೆ. ಹಳೇ ಹಿಮ ಎಣ್ಣೆ ಸವರಿದ ಕಾವಲಿ ಇದ್ದಂಗೆ, ಅದರ ಮೇಲೆ ಹೊಸ ಹಿಮ ಬಿದ್ರೆ ಅಂಟ್ಕೊಳ್ಳೋಕೆ ಮೂರು ದಿನ ಬೇಕು, ಅಲ್ಲೀತಂಕ ಇಳಿಜಾರು ತುಳೀಬೇಡಿ, ಕಾಲಿಟ್ಟಾಗ ಒಳಗಿಂದ ಹೂಂ ಅಂತ ಸದ್ದು ಬಂದ್ರೆ ಕೆಳಗೆ ಪೊಳ್ಳು ಅಂತ ಅರ್ಥ, ತಿರುಗಿ ಬಂದ್ಬಿಡಿ ಅಂತ ಮಕ್ಕಳಿಗೆ ಹೇಳಿ ಹೇಳಿ ಇಟ್ಟಿದ್ಲಂತೆ.

ಆಮೇಲೆ ಒಂದಿನ ಮಗಳು ಹೆತ್ತ ಸುದ್ದಿ ಬಂತಂತೆ. ಮೈ ಸೋತಿದೆ, ಎದೇಲಿ ಹಾಲಿಲ್ಲ, ತುಪ್ಪ ಕಳಿಸಿ ಅಂತ. ಅದರ ಹಿಂದೇನೇ ಮೊಳಕಾಲುದ್ದ ಹಿಮ ಬಿತ್ತು. ಬೆಳಿಗ್ಗೆ ಅವ್ವ ಗಡಿಬಿಡೀಲಿ ಬೆಣ್ಣೆ ಕಾಯಿಸ್ತಾ ಕೂತಿದ್ಲಂತೆ, ಎಲ್ಲಿ ಸೀದುಹೋಗುತ್ತೋ ಅಂತ ಕಣ್ಣೆಲ್ಲ ಅದರ ಮೇಲೇ. ಹಿರಿಯವನು ಬಂದು, ಅವ್ವಾ, ಇವತ್ತೇ ಹೊರಡೋದಾ ಅಂದ. ಇವಳು ತಲೆ ಎತ್ತದೇ ಹೂಂ ಅಂದ್ಲಂತೆ. ಅವನು ಏನು ಕೇಳ್ದ ಅಂತ ಕಿವಿಗೆ ಬಿದ್ದೇ ಇರ್ಲಿಲ್ಲ ಕಣೇ!

ಅವ್ವನೇ ಒಪ್ಪಿದ ಮೇಲೆ ಇನ್ನೇನು ಅಂತ ಮೂವರೂ ಹೊರಟ್ರಂತೆ, ತುಪ್ಪದ ಕುಡಿಕೆ ನೋರ್ಬು ಬೆನ್ನಿಗೆ. ದಾರೀಲಿ ಮೂರು ಇಳಿಜಾರು. ಮೊದಲನೇದ್ರಲ್ಲಿ ಹಿಮ ಸುಮ್ಮನಿತ್ತಂತೆ. ಎರಡನೇದ್ರಲ್ಲಿ ಕಾಲಿಟ್ಟ ಕೂಡ್ಲೇ ಒಳಗಿಂದ ಹೂಂ ಅಂತು. ಅಣ್ಣಾ, ತಿರುಗಿ ಹೋಗೋಣ, ಅವ್ವ ಹೇಳಿಲ್ವಾ ಅಂದ ನೋರ್ಬು. ಹಿರಿಯವನು ನಕ್ಕು, ಅವ್ವನೂ ಹೂಂ ಅಂದ್ಲು, ಹಿಮನೂ ಹೂಂ ಅಂತಿದೆ, ನಿಂದೊಂದೇ ಊಹೂಂ, ನಡಿಯೋ ಪುಕ್ಕಲ ಅಂದನಂತೆ. ಆಮೇಲೆ ಮೂರನೇದು. ಅಣ್ಣಂದಿರಿಬ್ಬರೂ ದಾಟಿ ಆಚೆ ಬಂಡೆ ಹತ್ರ ನಿಂತ್ರು, ನೋರ್ಬು ನಡುವಿಗೆ ಬಂದ, ಹಿಮ ಇನ್ನೊಂದು ಸಲ ಹೂಂ ಅಂತು, ಅಷ್ಟೇ, ಇಡೀ ಇಳಿಜಾರೇ ಕಳಚಿ ಅವನನ್ನ ಹೊತ್ಕೊಂಡು ಜಾರಿಹೋಯ್ತಂತೆ.

ಅಯ್ಯೋ, ಅಣ್ಣಂದಿರು ಬರಿಗೈಲಿ, ಉಗುರು ಕಿತ್ತು ಬರೋವರೆಗೂ ತೋಡಿದ್ರಂತೆ. ಕುಡಿಕೆ ಸಿಕ್ತು, ತಮ್ಮ ಸಿಗ್ಲಿಲ್ಲ.

ಆ ಕುಡಿಕೆ ತಗೊಂಡು ತಂಗಿ ಮನೆಗೆ ಹೋದ್ರೆ, ಅವಳು ಎದ್ದು ಕೂತು, ನೋರ್ಬು ಎಲ್ಲಣ್ಣ, ಹಿಂದೆ ಬರ್ತಿದಾನಾ ಅಂದ್ಲಂತೆ. ಹಸೀ ಬಾಣಂತಿ, ಏನಂತ ಹೇಳ್ತಾನೆ? ಹಿರಿಯವನ ಬಾಯಿಂದ ಬಂದಿದ್ದು ಒಂದೇ, ಹೂಂ.

ತುಪ್ಪ ತಿಂದು ಬಾಣಂತಿ ಚೇತರಿಸ್ಕೊಂಡ್ಲಂತೆ, ಮಗೂನೂ ಉಳೀತಂತೆ, ಅದಕ್ಕೆ ನೋರ್ಬು ಅಂತಲೇ ಹೆಸರಿಟ್ರಂತೆ. ಆದ್ರೆ ಅವ್ವನ ಕೊರಗು ಮಾತ್ರ ಸಾಯೋವರೆಗೂ ಹೋಗ್ಲಿಲ್ಲ, ಒಂದು ಗಳಿಗೆ ತಲೆ ಎತ್ತಿ ನೋಡಿದ್ರೆ ನನ್ನ ಮಗ ಇರ್ತಿದ್ನಲ್ಲ ಅಂತ. ಆಮೇಲೆ ಮೊಮ್ಮಗ ಏನು ಕೇಳಿದ್ರೂ ಒಲೆ ಮೇಲಿನ ಪಾತ್ರೆ ಇಳಿಸಿ, ಅವನ ಮುಖ ನೋಡಿ, ಹೋಗು ಅಂತಲೋ ಬೇಡ ಅಂತಲೋ ಬಾಯಿ ತುಂಬಾ ಹೇಳ್ತಿದ್ಲಂತೆ. ಹೂಂ ಅಂತ ಮಾತ್ರ ಯಾವತ್ತೂ ಅನ್ನಲಿಲ್ಲವಂತೆ.

ಅಲ್ಲಿಗೆ ಅವಳ ಕತೆ ಮುಗೀತು, ನನ್ನ ಬಾಯೂ ಒಣಗ್ತು. ಕೂಸೇ, ಮಧ್ಯಾಹ್ನ ನಾನು ರಾಗಿ ಕೇರ್ತಿದ್ದಾಗ ನೀನು ಏನೋ ಕೇಳ್ದಲ್ಲ, ನಾನು ಹೂಂ ಅಂದ್ಬಿಟ್ಟೆ. ಏನದು? ಇನ್ನೊಂದ್ಸಲ ಹೇಳು ನೋಡೋಣ. ಮಲಗಿಬಿಟ್ಯಾ? ಸರಿ ಬಿಡು, ಬೆಳಿಗ್ಗೆ ಎದ್ದು ಕೇಳು. ಮೊರ ಕೆಳಗಿಟ್ಟು ಕೇಳ್ತೀನಿ.