ಊಟ ಆತೇನ್ರೀ?

ಬಳ್ಳಾರಿ ಕಡೆಯ ಒಂದು ಆಸ್ಪತ್ರೆಗೆ ಹೊಸ ಯಂತ್ರ ಬಂತು. ರೋಗಿಯ ಫೋನಿನ ಸೆಟ್ಟಿಂಗ್ ನೋಡಿ, ಅದೇ ಭಾಷೆಯಲ್ಲಿ ಸರದಿ ಕೂಗುವ ಯಂತ್ರ. ಭಾಷೆ ಬದಲಿಸಲು ಕೌಂಟರಿನಲ್ಲಿ ಭಾಷೆಗೊಂದು ಗುಂಡಿಯೂ ಇತ್ತು. ಆದರೆ ಮಂದಿಯ ಫೋನುಗಳು ಅಂಗಡಿಯಿಂದ ಬಂದ ಹಾಗೆಯೇ ಇಂಗ್ಲಿಷಿನಲ್ಲಿದ್ದವು. ಮೊದಲ ದಿನವೇ ಎದೆನೋವಿನ ಮುದುಕಿಯೊಬ್ಬಳು, ತನ್ನನ್ನು ಇಂಗ್ಲಿಷಿನಲ್ಲಿ ಕೂಗಿದ್ದು ತಿಳಿಯದೆ, ಬೆಂಚಿನ ಮೇಲೇ ಕುಸಿದಳು. ಹೇಗೋ ಉಳಿದಳು.

ಕೌಂಟರಿನಲ್ಲಿ ಕೂರುವ ಹುಲಿಗೆಮ್ಮ ಮೇಲಧಿಕಾರಿಯ ಬಳಿಗೆ ಓಡಿದಳು. "ಸಾಹೇಬ್ರ, ಬಂದೋರ್ನ ಯಾವ ಭಾಷೆ ಅಂತ ಒಂದು ಮಾತು ಕೇಳ್ಲೇನ್ರೀ?"

"ನೋ!" ಎಂದರು ಸೂಪರಿಂಟೆಂಡೆಂಟ್ ಸಾಹೇಬರು. ಯಂತ್ರ ತಾನೇ ತಿಳಿಯುತ್ತದೆ, ಭಾಷೆ ಕೇಳಿದರೆ ನಿನ್ನ ಕೆಲಸ ಹೋಯಿತು ಎಂದು ಇಂಗ್ಲಿಷಿನಲ್ಲೇ ಗದರಿದರು. ಅವರ ಬಾಯಲ್ಲಿ ಬೇರೆ ಭಾಷೆಯ ಮಾತನ್ನು ಯಾರೂ ಕೇಳಿರಲಿಲ್ಲ.

ಕೇಳಿದರೆ ಕೆಲಸ ಹೋಗುತ್ತದೆ. ಕೇಳದಿದ್ದರೆ ಯಾರದೋ ಜೀವ ಹೋಗುತ್ತದೆ. ಹುಲಿಗೆಮ್ಮನಿಗೆ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ.

ಮರುದಿನದಿಂದ ಬಂದವರನ್ನೆಲ್ಲ "ಊಟ ಆತೇನ್ರೀ?" ಎಂದು ವಿಚಾರಿಸತೊಡಗಿದಳು. ಒಬ್ಬರು "ಆತವ್ವಾ" ಅಂದರು, ಇನ್ನೊಬ್ಬರು ತೆಲುಗಿನಲ್ಲಿ "ಅಯಿಂದಮ್ಮಾ" ಅಂದರು, ಮತ್ತೊಬ್ಬರು ಉರ್ದುವಿನಲ್ಲಿ "ಹೋ ಗಯಾ ಬೇಟಾ" ಅಂದರು. ಉತ್ತರ ಬಂದ ಭಾಷೆಯ ಗುಂಡಿಯನ್ನು ಅವಳು ಒತ್ತಿದಳು.

ಒಂದು ಮಧ್ಯಾಹ್ನ ಸಾಹೇಬರು ಬೆನ್ನ ಹಿಂದೆಯೇ ಬಂದು ನಿಂತರು. ಭಾಷೆ ಕೇಳಬೇಡ ಎಂದಿರಲಿಲ್ಲವೇ ಎಂದು ಇಂಗ್ಲಿಷಿನಲ್ಲಿ ಗುಡುಗಿದರು.

ಹುಲಿಗೆಮ್ಮ ತಿರುಗಿ ನೋಡಿದಳು. "ಭಾಷೆ ಕೇಳಿಲ್ರೀ ಸಾಹೇಬ್ರ, ಊಟ ಕೇಳೀನಿ. ನಿಮ್ದು ಊಟ ಆತೇನ್ರೀ?"

"ಎಲ್ಲೀ ಊಟನವ್ವಾ! ಮುಂಜಾನಿಂದ ಬರೇ ಚಾದ ಮ್ಯಾಲೆ ಅದೀನಿ," ಎಂದುಬಿಟ್ಟರು ಸಾಹೇಬರು.

ಹುಲಿಗೆಮ್ಮ ಕನ್ನಡದ ಗುಂಡಿ ಒತ್ತಿದಳು.

ಸಾಹೇಬರು ಆ ಗುಂಡಿಯನ್ನು ನೋಡಿದರು. ಆಮೇಲೆ "ಕಂಟಿನ್ಯೂ" ಎಂದವರೇ ಊಟಕ್ಕೆ ಹೋದರು.