ಹೊಂಗೆಮರ ಬೇಡಿದ ಒಂದು ಗಳಿಗೆ

ಹುಬ್ಬಳ್ಳಿಯ ಒಂದು ಬಸ್ ಡಿಪೊದಲ್ಲಿ ಹೊಂಗೆಮರವಿತ್ತು. ಕಾರವಾರಕ್ಕೆ ಹೋಗಿ ಬರುವ ಬಸ್ಸು ದಿನವೂ ಸಂಜೆ ಅದರ ನೆರಳಿಗೆ ಬಂದು ನಿಲ್ಲುತ್ತಿತ್ತು. ನಿಂತೊಡನೆ ಮರದ್ದು ಒಂದೇ ಮಾತು: "ಅಣ್ಣಾ, ಮೊದಲು ಎಂಜಿನ್ ಆರಿಸು, ನಿನ್ನ ಹೊಗೆಗೆ ಉಸಿರು ಕಟ್ಟುತ್ತದೆ. ಆಮೇಲೆ ಕಡಲು ಹೇಗಿತ್ತು, ಹೇಳು."

ಬಸ್ಸು ಹೇಳುತ್ತಿತ್ತು. ಮರ ಎಲೆ ಅಲುಗಿಸದೆ ಆಲಿಸುತ್ತಿತ್ತು. ಮರವಾಗಿ ಹುಟ್ಟಿದ ಮೇಲೆ ಬೇರು ಕಿತ್ತುಕೊಂಡು ಹೊರಡುವಂತಿಲ್ಲವಲ್ಲ! ಬೀಜಗಳಾದರೂ ಹೋದಾವೆಂದರೆ, ಉದುರಿದ್ದನ್ನೆಲ್ಲ ಡಿಪೊ ಗುಡಿಸುವ ಫಕೀರವ್ವ ಕಸದ ಗುಂಡಿಗೆ ಸುರಿಯುತ್ತಿದ್ದಳು.

ಒಂದು ವರ್ಷ ಡಿಪೊದವರು ಡೀಸೆಲ್ ಜೊತೆ ಹೊಂಗೆಯೆಣ್ಣೆಯ ಇಂಧನ ಬೆರೆಸತೊಡಗಿದರು. "ಇನ್ ಮ್ಯಾಲೆ ಇದು ಕಸ ಅಲ್ಲ" ಎನ್ನುತ್ತ ಫಕೀರವ್ವ ಬೀಜಗಳನ್ನು ಚೀಲಕ್ಕೆ ತುಂಬಿ ಗಾಣಕ್ಕೆ ಕಳಿಸಿದಳು.

ತಿಂಗಳು ಕಳೆದ ಮೇಲೆ ಒಂದು ಸಂಜೆ ಬಸ್ಸು ಬಂದು ನಿಂತಿತು. "ತಂಗೀ, ಇವತ್ತು ನಿನ್ನ ಮಕ್ಕಳು ನನ್ನ ಹೊಟ್ಟೆಯಲ್ಲಿದ್ದರು. ಕಡಲ ತನಕ ಬಂದರು. ಬರುವಾಗ ನನ್ನನ್ನು ಅರಬೈಲ್ ಘಾಟು ಹತ್ತಿಸಿದವರೂ ಅವರೇ."

"ಎಲ್ಲಿ? ಕರೆ ಅವರನ್ನು" ಎಂದಿತು ಮರ.

ಉರಿದುಹೋದದ್ದು ಮರಳಿ ಬರುವುದುಂಟೆ? ಹಿಂದಿನ ಕೊಳವೆಯಿಂದ ತೆಳು ಹೊಗೆ ಎದ್ದು ಕೊಂಬೆಗಳ ನಡುವೆ ಸುಳಿಯಿತು. ಅದರಲ್ಲಿ ಹೊಂಗೆಯ ವಾಸನೆಯಿತ್ತು.

"ಎಂಜಿನ್ ಆರಿಸಲೇ?" ಎಂದು ಬಸ್ಸು ಮೆಲ್ಲಗೆ ಕೇಳಿತು.

ಮರ ತನ್ನ ಎಲೆಗಳನ್ನೆಲ್ಲ ಹೊಗೆಗೆ ಒಡ್ಡಿಕೊಂಡು ನಿಂತಿತ್ತು. "ಬೇಡಣ್ಣಾ, ಇನ್ನೊಂದು ಗಳಿಗೆ ಇರಲಿ" ಎಂದಿತು.